ಬಚ್ಚಲಲ್ಲಿ ಹುಟ್ಟಿದ ಸಿನಿಮಾ

ಇಡೀ ವಠಾರ ಅವರನ್ನು ಡೈರೆಕ್ಟರು ಎಂದು ಕರೆಯುತ್ತಿದ್ದರೂ ಅವರು ತೆಗೆದ ಒಂದೇ ಒಂದು ಸಿನಿಮಾವನ್ನು ಯಾರೂ ನೋಡಿರಲಿಲ್ಲ. ಸ್ವತಃ ಅವರೂ ನೋಡಿರಲಿಲ್ಲ. ಹೊಟ್ಟೆಪಾಡಿಗೆ ಅವರು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದರು. ಹೀಗಿರುವಾಗ ಗುಜರಿ ಅಂಗಡಿಯಲ್ಲಿ, ಗೋಡೆ ಗಡಿಯಾರದಂತೆ ಕೀಲಿ ಕೊಟ್ಟು ಓಡಿಸುವ ಒಂದು ಪುಟ್ಟ ಮೂವಿ ಕ್ಯಾಮೆರಾ, ಜೊತೆಗೆ ಅದರದೇ ಪ್ರೊಜೆಕ್ಟರು ಕಣ್ಣಿಗೆ ಬಿದ್ದದ್ದೇ ತಡ, ಅವರ ತಲೆಗೆ ಹುಳ ಹೊಕ್ಕಿತು.

ಮೊದಲನೆಯ ಸುರುಳಿಯನ್ನು ಲೆನ್ಸಿನ ಮುಚ್ಚಳ ತೆಗೆಯದೆಯೇ ಓಡಿಸಿದರು. ಎರಡನೆಯದನ್ನು, ಚಿತ್ರ ಬಂದಿದೆಯೋ ಇಲ್ಲವೋ ನೋಡೋಣವೆಂದು ನಡು ಬಿಸಿಲಲ್ಲಿ ತೆರೆದು ನೋಡಿದರು. ಮೂರನೆಯದನ್ನು ಬಚ್ಚಲಲ್ಲಿ ಕೂತು ತಾವೇ ಸಂಸ್ಕರಿಸಿದರು. ಅದು ಅವರ ಅಂಗಡಿಯ ಕನ್ನಡಕದ ಗಾಜಿನಷ್ಟೇ ಸ್ವಚ್ಛವಾಗಿ, ಅಷ್ಟೇ ಖಾಲಿಯಾಗಿ ಹೊರಬಂತು.

"ರೀ, ಇದು ನಾಲ್ಕನೇದು," ಎಂದಳು ಹೆಂಡತಿ ಆ ರಜೆಯ ದಿನ ಬೆಳಿಗ್ಗೆ. "ಇದೂ ಕೆಟ್ಟರೆ ಆ ಡಬ್ಬ ಎಲ್ಲಿಂದ ಬಂತೋ ಅಲ್ಲಿಗೇ ಹೋಗ್ಬೇಕು. ಗುಜರಿಗೆ!"

"ಇದು ಕೆಡಲ್ಲ ಕಣೇ. ಇದರಲ್ಲಿ ಅಮ್ಮ ಇದ್ದಾಳೆ."

ವಿಷಯ ಅದೇ. ಹಿಂದಿನ ವಾರ, ಹೆಂಡತಿ ತವರಿಗೆ ಹೋಗಿದ್ದಾಗ, ಎಪ್ಪತ್ತು ದಾಟಿದ ಅವರ ಅಮ್ಮ ಹಿತ್ತಲಿನಲ್ಲಿ ನಿಂತಿದ್ದ ಸೈಕಲ್ಲನ್ನು ಬಹಳ ಹೊತ್ತು ನೋಡಿ, "ಒಂದ್ಸಲ ಹತ್ತಲೇನೋ?" ಎಂದು ಕೇಳಿದ್ದಳು. ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ಕದ್ದು ಕಲಿತಿದ್ದವಳು, ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಹತ್ತಿದಳು. ಓಡಿಸಿದಳು. ಅಷ್ಟೂ ಹೊತ್ತು ಡೈರೆಕ್ಟರು ಉಸಿರು ಬಿಗಿಹಿಡಿದು ಕ್ಯಾಮೆರಾ ಓಡಿಸಿದ್ದರು. ಈಗ ಹೇಳಿದರೆ ಒಬ್ಬರೂ ನಂಬರು. "ಅತ್ತೆ ಮೆಟ್ಟಿಲು ಇಳಿಯೋಕೆ ನನ್ನ ಕೈ ಹಿಡ್ಕೋತಾರೆ!" ಎಂದು ಹೆಂಡತಿ ನಕ್ಕಿದ್ದಳು. ಅಮ್ಮ ವಾದಕ್ಕಿಳಿಯಲಿಲ್ಲ. ಆದರೆ ರಾತ್ರಿ ಊಟದ ಹೊತ್ತಿಗೆ ಮಗನನ್ನು ಮೆಲ್ಲಗೆ ಕೇಳಿದ್ದಳು: "ನಾನು ಓಡಿಸಿದ್ದು ಹೇಗೆ ಕಾಣ್ತಿತ್ತು ಅಂತ ನಂಗೂ ನೋಡೋಕೆ ಸಿಗುತ್ತೇನೋ?" ಆ ಮಾತು ಡೈರೆಕ್ಟರ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು.

ಅದೇ ವಾರ ವಠಾರದಲ್ಲಿ ಇನ್ನೊಂದು ಗಲಾಟೆಯೂ ಆಗಿತ್ತು. ಹಿತ್ತಲಿನಲ್ಲಿ ನಿಲ್ಲಿಸಿದ್ದ ಓನರ್ರ ಸ್ಕೂಟರಿನ ಕನ್ನಡಿ ಯಾರಿಂದಲೋ ಪುಡಿಪುಡಿಯಾಗಿತ್ತು. ಓನರ್ರು ಅಂಗಳದಲ್ಲಿ ನಿಂತು ಕೂಗಾಡಿದಾಗ ಡೈರೆಕ್ಟರೇ ಮುಂದೆ ಬಂದು, "ಮೇಲಿನ ಮನೆ ಬೆಕ್ಕು ಸಾರ್! ಕಣ್ಣಾರೆ ನೋಡಿದೆ," ಎಂದು ಸಾಕ್ಷಿ ಹೇಳಿದ್ದರು. ತಿಂಗಳ ಕೊನೆಯೊಳಗೆ ಬೆಕ್ಕನ್ನು ಹೊರಹಾಕಬೇಕೆಂದು ಅದನ್ನು ಸಾಕಿದ್ದ ಬೆಕ್ಕಿನಮ್ಮನಿಗೆ ಓನರ್ರು ಕಟ್ಟಪ್ಪಣೆ ಮಾಡಿದ್ದರು. ಆಕೆ ಅಂದಿನಿಂದ ಡೈರೆಕ್ಟರನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಡೈರೆಕ್ಟರೂ ಅಂದಿನಿಂದ ಕುಂಟುತ್ತಿದ್ದರು. ಅಂಗಡಿಯ ಏಣಿ ಜಾರಿತಂತೆ.

ಅಂತೂ ತಿಂಡಿ ಮುಗಿಸಿ ಡೈರೆಕ್ಟರು ಬಚ್ಚಲು ಸೇರಿದರು. ಗವಾಕ್ಷಿಗೆ ಕರಿ ಕಂಬಳಿ, ಬಾಗಿಲ ಸಂದಿಗೆ ಟವೆಲು. ಔಷಧಿಗಳ ಬಕೆಟ್ಟುಗಳನ್ನು ಸಾಲಾಗಿ ಇಟ್ಟು, ಕತ್ತಲೆಯಲ್ಲಿ ಸುರುಳಿ ಬಿಚ್ಚಿದರು. ಕಿರುಬೆರಳ ಉಗುರಿನಷ್ಟೇ ಅಗಲದ ಫಿಲ್ಮು, ಆದರೆ ಬಿಚ್ಚಿದಷ್ಟೂ ಬರುತ್ತಲೇ ಇತ್ತು. ಮೊದಲ ಬಕೆಟ್ಟಿನಲ್ಲಿ ಮುಳುಗಿಸಿ ಮೆಲ್ಲಗೆ ಕಲಕುತ್ತ ಕೂತರು.

"ರೀ, ನನ್ನ ಬಾಚಣಿಗೆ ಒಳಗಿದೆ," ಎಂದಳು ಹೆಂಡತಿ ಹೊರಗಿನಿಂದ.

"ತಲೆ ಕೆದರ್ಕೊಂಡೇ ಇರು! ಬಾಗಿಲು ತೆಗೆದ್ರೆ ಅಮ್ಮ ಅಳಿಸಿಹೋಗ್ತಾಳೆ!"

ನಲ್ಲಿ ಬಿಟ್ಟು ತೊಳೆದರು. ಬ್ಲೀಚಿನ ಬಕೆಟ್ಟಿಗೆ ಹಾಕಿದರು. ಮತ್ತೆ ತೊಳೆಯಲು ನಲ್ಲಿ ಬಿಟ್ಟರು. ಈ ಧೋ ಸದ್ದು ಕೆಳಗಿನ ಮನೆಯ ಓನರ್ರ ಕಿವಿಗೆ ಬಿತ್ತು. ನೀರಿನ ವಿಷಯದಲ್ಲಿ ಅವರ ಕಿವಿ ಬಹಳ ಚುರುಕು. ಮೆಟ್ಟಿಲು ಹತ್ತಿ ಬಂದರು.

"ಏನ್ರೀ ಡೈರೆಕ್ಟ್ರೇ, ಒಳಗೆ ಆನೆ ಮೀಯಿಸ್ತಿದ್ದೀರಾ?"

"ಸ್ವಲ್ಪ ತಡ್ಕೊಳ್ಳಿ ಸಾರ್, ಬ್ಲೀಚು ಹೋಗ್ಬೇಕು!"

"ಟ್ಯಾಂಕಿನ ನೀರೇ ಹೋಗ್ತಿದೆ!" ಎಂದವರೇ ಓನರ್ರು ವಾಲ್ವು ತಿರುಗಿಸಿಬಿಟ್ಟರು. ನಲ್ಲಿ ಒಮ್ಮೆ ಬಿಕ್ಕಿ ನಿಂತಿತು.

ಒಳಗಿನಿಂದ ಬಂದ ಆರ್ತನಾದ ಕೇಳಿ ಅಮ್ಮ ಅಡುಗೆಮನೆಯ ಕೊಡ ಎತ್ತಿಕೊಂಡು ಬಂದಳು. ಬಾಗಿಲು ತೆರೆಯುವಂತಿಲ್ಲ. ಮಹಡಿಯ ವರಾಂಡದ ಕಡೆಯಿಂದ ಸ್ಟೂಲು ಹತ್ತಿ, ಗವಾಕ್ಷಿಯ ಕಂಬಳಿಯಡಿ ಪೈಪು ತೂರಿಸಿ, ಆಲಿಕೆಯಿಟ್ಟು ನೀರು ಸುರಿದಳು. ಮೆಟ್ಟಿಲಿಗೆ ಕೈ ಹಿಡಿಯಬೇಕಾಗಿದ್ದ ಅತ್ತೆ ಸ್ಟೂಲಿನ ಮೇಲೆ ನಿಂತದ್ದನ್ನು ಸೊಸೆ ಬಾಯಿ ಬಿಟ್ಟುಕೊಂಡು ನೋಡಿದಳು. ನೀರು ಬಕೆಟ್ಟಿಗಿಂತ ಹೆಚ್ಚಾಗಿ ಡೈರೆಕ್ಟರ ಬೆನ್ನಿಗೇ ಬಿದ್ದರೂ ಫಿಲ್ಮು ತೊಳೆಯಲು ಸಾಕಾಯಿತು. ಕಲೆ ತೆಗೆಯುವ ಬಕೆಟ್ಟಿನಲ್ಲೂ ಅದ್ದಿ ತೆಗೆದರು. ಅಲ್ಲಿಗೆ ಎದ್ದು ನಿಲ್ಲಲು ಹೋದವರು, ಒದ್ದೆ ನೆಲದ ಮೇಲೆ ಮೊದಲೇ ನೋಯುತ್ತಿದ್ದ ಕಾಲು ಜಾರಿ, ತಂಬಿಗೆ ಸಮೇತ ಧಡಾರನೆ ಬಿದ್ದರು.

"ಔಷಧಿ ವಾಸನೆಗೆ ಮೂರ್ಛೆ ಹೋದ್ರು!" ಎಂದು ಹೆಂಡತಿ ಕಿರುಚಿದಳು. ನೀರು ನಿಲ್ಲಿಸಿದ ಪಾಪಪ್ರಜ್ಞೆಯಲ್ಲಿದ್ದ ಓನರ್ರು ಹಿಂದೆಮುಂದೆ ನೋಡದೆ ಭುಜ ಕೊಟ್ಟು ಬಾಗಿಲಿಗೆ ಗುದ್ದಿದರು. ಚಿಲಕ ಕಿತ್ತು ಬಂತು. ಹಗಲ ಬೆಳಕೆಲ್ಲ ಒಮ್ಮೆಗೇ ಬಚ್ಚಲಿಗೆ ನುಗ್ಗಿತು.

"ಬೆಳಕು! ಬೆಳಕು ಬಿತ್ತು! ಹೋಯ್ತು, ಎಲ್ಲಾ ಹೋಯ್ತು!" ಡೈರೆಕ್ಟರು ಬಕೆಟ್ಟನ್ನು ತಬ್ಬಿಕೊಂಡು ಕಣ್ಣೀರಿಟ್ಟರು.

ಅಮ್ಮ ಬಾಗಿಲಲ್ಲಿ ನಿಂತು ಕೇಳಿದಳು, "ಹೋಗ್ಲಿ ಬಿಡೋ. ಮುಂದೆ ಏನು ಮಾಡ್ಬೇಕಿತ್ತು?"

"ಮುಂದೆ..." ಡೈರೆಕ್ಟರು ಅಳು ನಿಲ್ಲಿಸಿದರು. ಬೆರಳು ಮಡಿಚಿ ಲೆಕ್ಕ ಹಾಕಿದರು. "ಮುಂದೆ... ಬೆಳಕು ತೋರಿಸ್ಬೇಕಿತ್ತು."

ಈ ಫಿಲ್ಮಿನ ವಿಚಿತ್ರವೇ ಅದು. ಕ್ಯಾಮೆರಾದಲ್ಲಿ ಬೆಳಕು ಮುಟ್ಟಿದ್ದನ್ನು ಮೊದಲ ಔಷಧಿ ಕಪ್ಪು ಮಾಡುತ್ತದೆ, ಬ್ಲೀಚು ಆ ಕಪ್ಪನ್ನು ತಿಂದು ಹಾಕುತ್ತದೆ. ಉಳಿದದ್ದೇ ನಿಜವಾದ ಚಿತ್ರ. ಅದು ಎಚ್ಚರವಾಗಬೇಕಾದರೆ ಈಗ ಬೆಳಕೇ ಬೇಕು. ಹೋದ ಸಲ ಹೆದರಿ ಹೆದರಿ ಟಾರ್ಚು ತೋರಿಸಿದ್ದಕ್ಕೇ ಚಿತ್ರ ಬಂದಿರಲಿಲ್ಲ.

"ಬೆಳಕು ತಾನೆ? ಬೇಕಾದಷ್ಟಿದೆ ಬನ್ನಿ!" ಎಂದು ಓನರ್ರೇ ಬಕೆಟ್ಟು ಎತ್ತಿಕೊಂಡು ಅಂಗಳಕ್ಕೆ ನಡೆದರು. ಹೆಂಡತಿ ಒಂದು ಕಡೆ, ಓನರ್ರು ಇನ್ನೊಂದು ಕಡೆ ಹಿಡಿದು ಫಿಲ್ಮನ್ನು ಬಿಸಿಲಿಗೆ ತೋರಿಸಿದರು. ಅದು ಕೆನೆ ಬಣ್ಣದ ಬರೀ ಪಟ್ಟಿ. ಆಮೇಲೆ ಡೈರೆಕ್ಟರು ಅದನ್ನು ಮತ್ತೊಂದು ಔಷಧಿಯ ಬಕೆಟ್ಟಿಗೆ ಇಳಿಬಿಟ್ಟರು. ಎಲ್ಲರೂ ಬಗ್ಗಿ ನೋಡಿದರು. ಮಾತು ಬಿಟ್ಟಿದ್ದ ಬೆಕ್ಕಿನಮ್ಮನೂ ಬೆಕ್ಕನ್ನು ಕಂಕುಳಲ್ಲಿಟ್ಟುಕೊಂಡು ಇಳಿದು ಬಂದಳು.

ಮೊದಲು ಏನೂ ಇರಲಿಲ್ಲ. ನಂತರ ಕೆನೆಯೊಳಗೆ ಬೂದಿ ಬಣ್ಣದ ಉಸಿರಿನಂಥದ್ದು ಆಡಿತು. ಅದು ದಟ್ಟವಾಯಿತು. ಸಾಲುಸಾಲಾಗಿ ಪುಟ್ಟ ಪುಟ್ಟ ಚೌಕಗಳು ಎದ್ದವು, ಚೌಕಗಳೊಳಗೆ ಗೋಡೆ ಎದ್ದಿತು, ಗಾಲಿ ಎದ್ದಿತು. ಡೈರೆಕ್ಟರು ಅಂಗಡಿಯ ಭೂತಗನ್ನಡಿಯನ್ನು ಹೆಂಡತಿಯ ಕೈಗಿತ್ತರು.

"ಅಯ್ಯೋ," ಎಂದಳು ಅವಳು. ಅವಳ ದನಿ ಪಿಸುಮಾತಾಗಿತ್ತು. "ಅತ್ತೆ... ಅತ್ತೆ ನಗ್ತಾ ಇದ್ದಾರೆ. ಸೈಕಲ್ ಮೇಲೆ!"

ಏನೂ ಇಲ್ಲದಲ್ಲಿ ಒಬ್ಬ ಹೆಂಗಸು ಮೂಡಿ ಬಂದದ್ದನ್ನು ಅವರೆಲ್ಲ ಕಣ್ಣಾರೆ ಕಂಡಿದ್ದರು. ನೀರಿನ ವಿಷಯಕ್ಕೆ ಲೋಕದ ಮೇಲೆಲ್ಲ ಮುನಿಯುವ ಓನರ್ರು ತಾವೇ ಓಡಿ ಹೋಗಿ ವಾಲ್ವು ತೆರೆದು ಬಂದರು. "ತೊಳೀರಿ ಡೈರೆಕ್ಟ್ರೇ, ಎಷ್ಟು ಬೇಕೋ ಅಷ್ಟು ತೊಳೀರಿ! ಸಂಜೆ ನಮ್ಮನೆ ಗೋಡೆ ಮೇಲೇ ಸಿನಿಮಾ!"

ಸಂಜೆ ಓನರ್ರ ಹಾಲಿನಲ್ಲಿ ಕಿಟಕಿಗಳಿಗೆ ಪರದೆ ಎಳೆದಾಯಿತು. ಅಮ್ಮನಿಗೆ ಮುಂದಿನ ಕುರ್ಚಿ. ಪ್ರೊಜೆಕ್ಟರು ಗಿರ್ ಎಂದಿತು. ಬಿಳಿ ಗೋಡೆಯ ಮೇಲೆ, ಆಳೆತ್ತರಕ್ಕೆ, ಅಮ್ಮ ಸೈಕಲ್ ಓಡಿಸಿದಳು. ಡೈರೆಕ್ಟರ ಕೈ ನಡುಗಿ ಒಮ್ಮೊಮ್ಮೆ ಅವಳ ತಲೆ ಕತ್ತರಿಸಿಹೋಗಿತ್ತು, ಆದರೆ ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ. ಗಾಳಿಗೆ ಹಾರುವ ನರೆಗೂದಲು, ಪೆಡಲು ಹುಡುಕಿ ಸಿಕ್ಕ ಪಾದ, ತಿರುವಿನಲ್ಲಿ ಹುಡುಗಿಯ ಹಾಗೆ ಕಚ್ಚಿದ ನಾಲಗೆ. ಅಮ್ಮ ತನ್ನನ್ನೇ ತಾನು ನೋಡುತ್ತ ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡಳು. "ನಾನೇ," ಎಂದಳು. "ನಾನೇ ಅಲ್ವೇನೋ ಅದು!" ಹೆಂಡತಿ ಕಣ್ಣೊರೆಸಿಕೊಂಡು, "ಕ್ಯಾಮೆರಾ ಮನೇಲೇ ಇರಲಿ ರೀ," ಎಂದಳು. ಡೈರೆಕ್ಟರಿಗೆ ಜನ್ಮ ಸಾರ್ಥಕವಾಯಿತು.

ಅಷ್ಟರಲ್ಲಿ ಗೋಡೆಯ ಮೇಲೆ ಅಮ್ಮ ಇಳಿದಳು. ಚಿತ್ರ ಅಲ್ಲಾಡಿತು, ಒಂದು ಕ್ಷಣ ಬರೀ ಆಕಾಶ ಕಂಡಿತು. ಡೈರೆಕ್ಟರು ಮುಗಿಯಿತೆಂದು ದೀಪ ಹಾಕಲು ಎದ್ದರು.

ಮುಗಿದಿರಲಿಲ್ಲ. ಆಕಾಶ ಕೆಳಗಿಳಿದು ಹಿತ್ತಲಾಯಿತು. ಈ ಸಲ ಚಿತ್ರ ಕಂಬದಂತೆ ನಿಂತಿತ್ತು, ಯಾರ ತಲೆಯೂ ಕತ್ತರಿಸಿರಲಿಲ್ಲ. ನಡುವೆ, "ನೋಡು ಹೇಗೆ ಓಡಿಸ್ತೀನಿ" ಎಂಬ ಗತ್ತಿನಲ್ಲಿ ಡೈರೆಕ್ಟರು ಸೈಕಲ್ ಹತ್ತುತ್ತಿದ್ದರು. ಹಿಡಿದುಕೊಂಡಿರಲೆಂದು ಅಮ್ಮನ ಕೈಗೆ ಕೊಟ್ಟಿದ್ದ ಕ್ಯಾಮೆರಾ! ಕೀಲಿ ಮುಗಿದಿತ್ತಲ್ಲ?

"ಗಡಿಯಾರಕ್ಕೆ ಕೊಟ್ಟ ಹಾಗೆ ನಾನೇ ಕೀಲಿ ಕೊಟ್ಟೆ," ಎಂದಳು ಅಮ್ಮ ಹೆಮ್ಮೆಯಿಂದ. "ಚೆನ್ನಾಗಿ ಬಂದಿದೆ ಅಲ್ವಾ?"

ಬಹಳ ಚೆನ್ನಾಗಿ ಬಂದಿತ್ತು. ಒಂದು ಕೈ ಬಿಟ್ಟು ಓಡಿಸಿದ ಡೈರೆಕ್ಟರು ನೇರವಾಗಿ ಹೋಗಿ ಓನರ್ರ ಸ್ಕೂಟರಿಗೆ ಗುದ್ದಿದ್ದು, ಕನ್ನಡಿ ಸಿಡಿದದ್ದು, ಚೂರುಗಳು ಬಿಸಿಲಲ್ಲಿ ಮಿಂಚಿದ್ದು, ಮೊಣಕಾಲು ಹಿಡಿದು ಕುಣಿದದ್ದು, ಎಲ್ಲವೂ ಸ್ಪಷ್ಟ. ಮೂಲೆಯ ಗೋಡೆಯ ಮೇಲೆ ಮಲಗಿದ್ದ ಬೆಕ್ಕು ತಲೆಯೆತ್ತಿ ನೋಡಿ ಮತ್ತೆ ಮಲಗಿದ್ದೂ ಸ್ಪಷ್ಟ.

ಗಾಬರಿಯಿಂದ ಡೈರೆಕ್ಟರು ಕೈಗೆ ಸಿಕ್ಕ ಗುಂಡಿ ತಿರುಗಿಸಿದರು. ಸಿನಿಮಾ ನಿಲ್ಲಲಿಲ್ಲ, ಹಿಂದಕ್ಕೆ ಓಡತೊಡಗಿತು. ನೆಲದ ಮೇಲೆ ಚೆಲ್ಲಿದ್ದ ಚೂರುಗಳು ಒಂದೊಂದಾಗಿ ಹಾರಿ ಬಂದು ಜಾಗ ಹಿಡಿದು ಕೂತವು. ಕನ್ನಡಿ ಇಡಿಯಾಯಿತು, ಅದರಲ್ಲಿ ಸೂರ್ಯ ಹೊಳೆದ. ಡೈರೆಕ್ಟರು ನಿರಪರಾಧಿಯಾಗಿ ಹಿಮ್ಮುಖ ಸರಿದರು. ಹಾಲಿನಲ್ಲಿ ಎಲ್ಲರೂ "ಆಹಾ!" ಎಂದರು. ಓನರ್ರೂ ಅಂದರು. ಲೋಕ ಇಷ್ಟಕ್ಕೇ ನಿಂತುಬಿಡಲಿ ಎಂದು ಡೈರೆಕ್ಟರು ಮನಸ್ಸಿನಲ್ಲೇ ಕೈ ಮುಗಿದರು.

"ಅದ್ಭುತ!" ಎಂದರು ಓನರ್ರು. ಆಮೇಲೆ ಗಂಟಲು ಸರಿಮಾಡಿಕೊಂಡು, "ಈಗ ಮುಂದಕ್ಕೆ ಬಿಡಿ," ಎಂದರು.

ಬೆಕ್ಕಿನಮ್ಮ ಬೆಕ್ಕಿನ ತಲೆ ಸವರಿ, "ನೋಡು ಪುಟ್ಟಾ, ಸಾಕ್ಷಿ ನೋಡು," ಎಂದಳು. ಹೆಂಡತಿ ಡೈರೆಕ್ಟರ ಕಾಲಿನ ಪಟ್ಟಿಯನ್ನು ನೋಡಿದಳು.

"ಅಂಗಡಿ ಏಣಿ, ಅಲ್ವಾ?"

ಡೈರೆಕ್ಟರು ತಲೆ ತಗ್ಗಿಸಿದರು. "ಕ್ಯಾಮೆರಾ ಗುಜರಿಗೆ ಹಾಕ್ಬಿಡ್ತೀಯಾ?"

"ಛೆ, ಅಷ್ಟು ಚೆನ್ನಾಗಿ ತೆಗೀತಾರೆ, ಅದು ಅತ್ತೆ ಹತ್ರಾನೇ ಇರುತ್ತೆ. ಗುಜರಿಗೆ ಹೋಗೋದು ನೀವು. ಬೆಳಿಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಹೋಗಿ ಸ್ಕೂಟರ್ ಕನ್ನಡಿ ಹುಡುಕ್ಕೊಂಡು ಬನ್ನಿ."

"ಹೋಗುವಾಗ ನನಗೊಂದು ಮಾತು ಹೇಳು ಮಗಾ," ಎಂದು ಅಮ್ಮ ಕ್ಯಾಮೆರಾವನ್ನು ಮಡಿಲಿಗೆಳೆದುಕೊಂಡು ಕೀಲಿ ತಿರುಗಿಸತೊಡಗಿದಳು. "ನೀನು ಕುಂಟೋದು ಬಹಳ ಚೆನ್ನಾಗಿ ಬರುತ್ತೆ."