ದಾನದ ಕಾರಿಗೆ ಆಯಿಲಿನ ಹದ

ಕಾಶಿಗೆ ಬಂದವರೆಲ್ಲ ಮೋಕ್ಷ ಹೇಗೆ ಸಿಗುತ್ತದೆ ಎಂದು ಕೇಳುತ್ತಾರೆ. ಎಂಜಿನ್ ಆಯಿಲ್ ಎಷ್ಟು ಗಟ್ಟಿ ಇರಬೇಕು ಎಂದು ಕೇಳುವವರು ಇಡೀ ಕಾಶಿಯಲ್ಲಿ ನಮ್ಮ ಸೋದರಮಾವ ಒಬ್ಬರೇ! ಅದೂ ಯಾರನ್ನು? ಸಿಕ್ಕವರನ್ನೆಲ್ಲ. ಘಾಟಿನ ಮೆಟ್ಟಿಲ ಮೇಲೆ ಪಿಂಡಕ್ಕೆ ಎಳ್ಳು ಹಾಕಿಸುತ್ತಿರುತ್ತಾರೆ. ಎದುರು ಕೂತ ಯಜಮಾನರ ಹತ್ತಿರ ಕಾರಿದೆ ಎಂದು ಗೊತ್ತಾದರೆ ಸಾಕು, ಎರಡು ಮಂತ್ರಗಳ ನಡುವೆ ಉಸಿರು ತೆಗೆದುಕೊಳ್ಳುವಾಗ, "ನೀವು ಯಾವ ಆಯಿಲ್ ಹಾಕಿಸ್ತೀರಿ? ತೆಳ್ಳಗಿಂದೋ, ಗಟ್ಟೀದೋ?" ಎಂದು ವಿಚಾರಿಸಿಬಿಡುತ್ತಾರೆ. ಪಾಪ, ಅದೂ ಸಂಕಲ್ಪದ ಭಾಗವೇ ಇರಬೇಕೆಂದುಕೊಂಡು ಆ ಯಜಮಾನರು ದರ್ಭೆ ಹಿಡಿದೇ ಉತ್ತರ ಕೊಡುತ್ತಾರೆ.

ಮಾವ ದಕ್ಷಿಣದ ಯಾತ್ರಿಕರಿಗೆ ಪಿತೃಕಾರ್ಯ ಮಾಡಿಸುವ ಪುರೋಹಿತರು. ತೀರಿಕೊಂಡವರಿಗೆ ಇಷ್ಟವಾದದ್ದನ್ನು ದಾನ ಕೊಡುವುದು ಪದ್ಧತಿ. ಸಾಮಾನ್ಯವಾಗಿ ಬರುವುದು ಹಾಸಿಗೆ, ಚಪ್ಪಲಿ, ಛತ್ರಿ. ನಮ್ಮ ಮನೆಯ ಛತ್ರಿಗಳನ್ನೆಲ್ಲ ಬಿಚ್ಚಿದರೆ ಶ್ರಾವಣದಲ್ಲಿ ಇಡೀ ಓಣಿ ನೆನೆಯದೆ ಓಡಾಡಬಹುದು! ಆದರೆ ಹೋದ ವರ್ಷ ಹುಬ್ಬಳ್ಳಿ ಕಡೆಯ ಒಬ್ಬ ಮಗ, ತಂದೆಯ ಅಸ್ಥಿಯನ್ನು ತಂದೆಯದೇ ಕಾರಿನಲ್ಲಿ ತಂದ. ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳು, ಕುಂಕುಮದಂಥ ಕೆಂಪು, ಟರ್ಬೋ ಎಂಜಿನ್ನಿನ ಓಟದ ಕಾರು. ಕಾರ್ಯ ಮುಗಿದ ಮೇಲೆ ಅದರ ಕೀಲಿಯನ್ನು ತುಳಸಿದಳದ ಜೊತೆ ಮಾವನ ಅಂಗೈಯಲ್ಲಿಟ್ಟು ನೀರು ಬಿಟ್ಟ.

"ಅಪ್ಪಾರಿಗೆ ಇದಕ್ಕಿಂತ ಪ್ರೀತಿದು ಮತ್ತೊಂದಿರ್ಲಿಲ್ರೀ ಭಟ್ಟರ. ವರ್ಷದ ಕಾರ್ಯಕ್ಕ ಮತ್ತ ಬರ್ತೀನಿ. ಎಂಜಿನ್ ಒಂದು ಕೆಡದಂಗ ನೋಡ್ಕೋರಿ" ಎಂದು ರೈಲು ಹತ್ತಿ ಹೋದ.

ಮಾವ "ಆಗಲಿ" ಎಂದರು. ಅಲ್ಲಿಗೆ ನಮ್ಮ ಮನೆಯ ನೆಮ್ಮದಿ ಮುಗಿಯಿತು. ಕೊಟ್ಟ ಮಾತು ಮಾವನಿಗೆ ಹಿಡಿದ ವ್ರತವಿದ್ದ ಹಾಗೆ. ವರ್ಷದ ಕಾರ್ಯಕ್ಕೆ ಆ ಮಗ ಬಂದಾಗ ಅವನಪ್ಪನ ಎಂಜಿನ್ನು ಹೋದ ಸಲದ ಹಾಗೇ ಗುಡುಗಬೇಕು!

ಕಷ್ಟವೇನೆಂದರೆ ಮಾವನಿಗೆ ಸೈಕಲ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಕಲಿತರು. ನಮ್ಮ ಓಣಿಯಲ್ಲಿ ಎದುರಿಗೆ ಗೂಳಿ ಬಂದರೆ ಮನುಷ್ಯನೇ ಗೋಡೆಗೆ ಅಂಟಿಕೊಳ್ಳಬೇಕು, ಕಾರೆಲ್ಲಿ ಬರುತ್ತದೆ? ಭೇಲೂಪುರದಲ್ಲಿ ಒಂದು ಶೆಡ್ಡು ಹಿಡಿದರು. ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಹೋಗಿ, ಕಾರನ್ನು ಒಂದು ಸುತ್ತು ಓಡಿಸಿ ತರುತ್ತಾರೆ. ಓಡಿಸುತ್ತಾರೆ ಎಂದೆನೇ? ತಪ್ಪು. ನಡೆಸುತ್ತಾರೆ. ಮುಂದೆ ಇ-ರಿಕ್ಷಾ, ಹಿಂದೆ ತಳ್ಳುಗಾಡಿ, ನಡುವೆ ಇವರ ಟರ್ಬೋ!

ಈಗ ನನ್ನ ವಿಷಯ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ವ್ಯಕ್ತಿ ನಾನು. ಗಂಡಸರು ಪಾಠಶಾಲೆಗೆ ಹೋದರು, ಹೆಂಗಸರು ಅಡುಗೆಮನೆಗೆ. ನಾನು ಯಾತ್ರಿಕರಿಗೆ ಉಪ್ಪಿಟ್ಟು ತಿರುವುತ್ತಾ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು, ಹಿಂದಿಯಲ್ಲಿ ಪಾಠ ಕೇಳಿ ಬಿ.ಎಸ್‌ಸಿ. ಫಿಸಿಕ್ಸ್ ಮುಗಿಸಿದವಳು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ಬೇಕಾದರೆ ಇನ್ನೊಂದು ಸಲ ಹೇಳುತ್ತೇನೆ. ದ್ರವಗಳ ಸ್ನಿಗ್ಧತೆ, ಅಂದರೆ ಅವು ಎಷ್ಟು ಗಟ್ಟಿ ಎಂಬುದರ ಮೇಲೇ ಪರೀಕ್ಷೆ ಬರೆದ ನಾನು ಮನೆಯಲ್ಲೇ ಇರುವಾಗ ಮಾವ ಊರೆಲ್ಲ ಕೇಳುತ್ತಾ ತಿರುಗುವುದೇ?

"ಮಾವ, ಆಯಿಲ್ ಹಾಕೋ ಮುಚ್ಚಳದ ಮೇಲೇ ಬರೆದಿದೆ ನೋಡಿ, 5W-40. ಡಬ್ಲ್ಯೂಗೆ ಮುಂಚೆ ಇರೋದು ಚಳಿಯ ಲೆಕ್ಕ. ಅದು ಚಿಕ್ಕದಿದ್ದಷ್ಟೂ ಚಳೀಲಿ ಸಲೀಸಾಗಿ ಹರಿಯುತ್ತೆ. ಆಮೇಲಿಂದು ಎಂಜಿನ್ ಕಾದಾಗ ಎಷ್ಟು ಗಟ್ಟಿ ಉಳಿಯುತ್ತೆ ಅನ್ನೋದು."

"ಮುಚ್ಚಳ ಬರೆದವನು ಕಾಶಿಯ ಜ್ಯೇಷ್ಠಮಾಸದ ಬಿಸಿಲು ನೋಡಿದಾನೇನೇ?"

ಇದಕ್ಕೆ ಯಾವ ವಿಶ್ವವಿದ್ಯಾಲಯ ಉತ್ತರ ಕೊಡುತ್ತದೆ?

ಮಾವನದು ಬೇರೆಯೇ ಶಾಸ್ತ್ರ. ಹೋಮದ ತುಪ್ಪ ನೋಡುವ ಹಾಗೆ ಆಯಿಲ್ ನೋಡುವುದು! ಎರಡು ಬೆರಳ ನಡುವೆ ತಿಕ್ಕುವುದು, ಮೂಸುವುದು, ಮರದ ಸೌಟಿನಲ್ಲಿ ಎತ್ತಿ ಸುರಿಯುವುದು. ಧಾರೆ ನಡುವೆ ಕಡಿಯಬಾರದು. ಕಡಿಯಿತೋ, ಆ ಆಯಿಲ್ ಅಯೋಗ್ಯ. ಈ ಪರೀಕ್ಷೆಯಲ್ಲಿ ಮುಚ್ಚಳ ಹೇಳಿದ್ದು ಫೇಲಾಗಿ, ಹಳೇ ಜೀಪಿಗೆ ಹಾಕುವಂಥ 20W-50 ಪ್ರಥಮ ದರ್ಜೆಯಲ್ಲಿ ಪಾಸಾಯಿತು. ಅತ್ತೆ ಅಡುಗೆಮನೆಗೆ ಬಂದು ನೋಡಿದರೆ ತುಪ್ಪದ ಗಿಂಡಿಯ ಪಕ್ಕದಲ್ಲೇ ಆಯಿಲಿನ ಬಟ್ಟಲು.

"ಏನ್ರೀ ಇದು, ನಾಳೆ ಬರೋರಿಗೆ ಇದರಲ್ಲೇ ಒಗ್ಗರಣೆ ಹಾಕಲಾ?"

"ಹಾಕಬೇಡ, ಬಹಳ ಒಳ್ಳೇ ಆಯಿಲು" ಎಂದರು ಮಾವ.

ನಾನು ಬಿಡುತ್ತೇನೆಯೇ? ಎರಡು ಬಟ್ಟಲಲ್ಲಿ ಎರಡು ಆಯಿಲ್ ಹಾಕಿ, ಅತ್ತೆಯ ಮೊಸರನ್ನು ಆಚೆ ಸರಿಸಿ, ಫ್ರಿಜ್ಜಿನಲ್ಲಿಟ್ಟೆ. ಸಂಜೆ ತೆಗೆದು ಬಗ್ಗಿಸಿದೆ. ಮುಚ್ಚಳದ ಆಯಿಲ್ ಸರಾಗ ಹರಿಯಿತು. ಮಾವನ ಆಯಿಲ್ ಜೋನಿಬೆಲ್ಲದ ಹಾಗೆ ತೆವಳಿತು. ಮಾವ ಎರಡನ್ನೂ ಗಂಭೀರವಾಗಿ ನೋಡಿ ಅಂದರು: "ಸರಿ. ಆದರೆ ನಾವು ಕಾರನ್ನ ಫ್ರಿಜ್ಜಿನಲ್ಲಿ ಇಡ್ತೀವಾ?"

ಕೊನೆಗೆ ಮಧ್ಯಸ್ಥಿಕೆಗೆಂದು ಮೆಕ್ಯಾನಿಕ್ಕನ ಹತ್ತಿರ ಹೋದೆವು. ಬಾಯಿ ತುಂಬ ಪಾನ್. ರಸ ಚೆಲ್ಲದ ಹಾಗೆ ಗದ್ದ ಆಕಾಶಕ್ಕೆತ್ತಿ, "ಅರೇ ಪಂಡಿತ್‌ಜೀ, ಜೋ ಮನ್ ಕರೇ ಡಾಲ್ ದೀಜಿಯೇ" ಎಂದ. ಮನಸ್ಸಿಗೆ ಬಂದದ್ದು ಹಾಕಿ! ಮಾವ ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ವರ್ಣಿಸುವುದಿಲ್ಲ. ಗಟ್ಟಿ ಆಯಿಲ್ ಒಳಗೆ ಹೋಯಿತು.

ಆಮೇಲೆ ಪುಷ್ಯಮಾಸ ಬಂತು. ಕಾಶಿಯೇ ಫ್ರಿಜ್ಜಾಯಿತು! ಮಂಜಿನಲ್ಲಿ ಗಂಗೆ ಕಾಣುವುದಿಲ್ಲ, ಆಚೆಯ ರಾಮನಗರ ಕಾಣುವುದಿಲ್ಲ, ಸ್ನಾನ ಮಾಡುವವರ ಹಲ್ಲು ಕಟಕಟಿಸುವುದಷ್ಟೇ ಕೇಳುತ್ತದೆ. ಶೆಡ್ಡಿನಲ್ಲಿ ಮಾವ ಕೀಲಿ ತಿರುಗಿಸಿದರೆ ಕಾರು ಮುದುಕನ ಹಾಗೆ ನರಳಿತು. ಇನ್ನೊಮ್ಮೆ ತಿರುಗಿಸಿದಾಗ ಹೇಗೋ ಎದ್ದಿತು, ಆದರೆ ಒಳಗಿನಿಂದ ಟಕಟಕ ಶಬ್ದ. ಗಟ್ಟಿ ಆಯಿಲ್ ಮೇಲೇರುವ ತನಕ ಲೋಹಕ್ಕೆ ಲೋಹ ತಿಕ್ಕುವ ಸದ್ದು. ಮಾವ ತಟ್ಟನೆ ಕೀಲಿ ತಿರುಗಿಸಿ ಆರಿಸಿದರು.

"ಏನೇ ಇದು? ಕೆಟ್ಟಿತೇನೇ? ಆ ಹುಡುಗ ಬರೋ ಹೊತ್ತಾಯ್ತಲ್ಲೇ!"

ನನಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಅವರು ಇಳಿದು ತಮ್ಮ ಶಾಲನ್ನು ಬಾನೆಟ್ಟಿಗೆ ಹೊದಿಸುತ್ತಿದ್ದರು. "ಆಯಿಲ್ ಬದಲಿಸಿದರೆ ಸರಿಹೋಗುತ್ತೆ ಮಾವ" ಎಂದೆ. ಅವತ್ತೇ ಗಟ್ಟಿ ಆಯಿಲ್ ಇಳಿಸಿ, ಮುಚ್ಚಳ ಹೇಳಿದ್ದನ್ನು ತುಂಬಿಸಿದರು. ಸೋತೆ ಅಂತ ಒಪ್ಪಿಕೊಂಡರೇ? ಛೆ! "ಉತ್ತರಾಯಣಕ್ಕೆ ತೆಳ್ಳಗಿಂದೇ ಪ್ರಶಸ್ತ" ಎಂದು ಅತ್ತೆಯೆದುರು ಫಲ ಹೇಳಿದರು.

ಆ ಮಗ ಮಂಜು ಇನ್ನೂ ಬಿಡದ ದಿನಗಳಲ್ಲೇ ಬಂದ. ತಂದೆಯ ಕಾರ್ಯ ಮುಗಿಸಿ, ಒದ್ದೆ ತಲೆಯಲ್ಲೇ ನಮ್ಮ ಜೊತೆ ಭೇಲೂಪುರಕ್ಕೆ ನಡೆದ. ಮಾವ ಕಾರಿನಲ್ಲಿ ಕೂತು ಬಾಯಲ್ಲಿ ಏನೋ ಮಣಮಣ ಎಂದರು. ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಎಂಜಿನ್ ಗುಡುಗಿ, ತಗಡಿನ ಶೆಡ್ಡೆಲ್ಲ ಅದುರಿತು. ಟಕಟಕ ಇಲ್ಲ. ಆ ಮಗ ಬಾನೆಟ್ಟಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿ ನಿಂತುಬಿಟ್ಟ.

ಮಾವ ಇಳಿದು ಬಂದು, "ಒಂದು ಸುತ್ತು ಓಡಿಸಿ" ಎಂದರು.

ಅವನು ಕೈ ಹಿಂದೆಳೆದುಕೊಂಡ. "ದಾನ ಕೊಟ್ಟಿದ್ದನ್ನ ಮತ್ತ ನಾ ಅನುಭೋಗಿಸಬಾರದಲ್ರೀ ಭಟ್ಟರ? ಹ್ವಾದ ವರ್ಷ ನೀವ ಹೇಳಿದ್ರಿ."

ಹೇಳಿದ್ದು ನಿಜ. ಶಾಸ್ತ್ರದಲ್ಲಿ ಮಾವ ಎಳ್ಳುಕಾಳಷ್ಟೂ ಸಡಿಲ ಬಿಡುವವರಲ್ಲ. ದರ್ಭೆ ಒಂದು ಬೆರಳು ಮೋಟಾದರೆ ಇಡೀ ಕಟ್ಟು ಎಸೆಯುವ ಮನುಷ್ಯ. ಸ್ವಲ್ಪ ಹೊತ್ತು ಶಿಖೆ ತುರಿಸಿಕೊಂಡರು. ಆಮೇಲೆ ಪಕ್ಕದ ಬಾಗಿಲು ತೆಗೆದು, ಪಂಚೆ ಸರಿಮಾಡಿಕೊಂಡು, ಜಮೀನ್ದಾರರ ಹಾಗೆ ಕೂತರು. ನಾನು ಹಿಂದೆ ತೂರಿಕೊಂಡೆ.

"ಅನುಭೋಗ ಯಾರು ಮಾಡು ಅಂದರು? ಗಾಡಿ ನನ್ನದು. ನನಗೆ ರಾಮನಗರದಲ್ಲಿ ಕೆಲಸ ಇದೆ. ಇವತ್ತು ಡ್ರೈವರ್ ಇಲ್ಲ. ಬ್ರಾಹ್ಮಣನನ್ನ ಒಂದಿಷ್ಟು ಬಿಟ್ಟು ಬನ್ನಿ, ಪುಣ್ಯ ಬರುತ್ತೆ."

ಅವನು ಕೂತ. ಊರೊಳಗೆ ಮೆಲ್ಲಗೆ, ಸೇತುವೆ ಹತ್ತಿದ ಮೇಲೆ ಅವನಪ್ಪ ಓಡಿಸುತ್ತಿದ್ದಿರಬಹುದಾದ ಹಾಗೆ. ಮಾವ ಡ್ಯಾಶ್‌ಬೋರ್ಡು ಹಿಡಿದು ಕಣ್ಣು ಬಿಗಿಯಾಗಿ ಮುಚ್ಚಿದ್ದರು, ನಿಧಾನ ಅಂತ ಒಂದು ಮಾತೂ ಆಡಲಿಲ್ಲ. ರಾಮನಗರ ಬಂತು. ಅವನು ಬದಿಗೆ ನಿಲ್ಲಿಸಿದ. ಸ್ಟೀರಿಂಗಿನಿಂದ ಕೈ ತೆಗೆಯಲು ಅವನಿಗೆ ಆಗಲಿಲ್ಲ. ಭುಜ ಅಲುಗುತ್ತಿತ್ತು.

ಮಾವ ಅವನ ಕಡೆ ತಿರುಗಲಿಲ್ಲ. ಕಿಟಕಿಯಾಚೆಯ ಮಂಜನ್ನೇ ನೋಡುತ್ತಾ ಅಂದರು:

"ಇಲ್ಲೇಕೆ ನಿಲ್ಲಿಸಿದ್ರಿ? ಕೆಲಸ ಇರೋದು ಚುನಾರಿನಲ್ಲಿ. ಇನ್ನೂ ಬಹಳ ದೂರ ಇದೆ, ನಡೀರಿ."

ಚುನಾರಿನಲ್ಲಿ ಮಾವನಿಗೆ ಯಾವ ಕೆಲಸವೂ ಇರಲಿಲ್ಲ.