ಏಪ್ರಿಲ್‌ನಲ್ಲಿ ಹಾಸಿದ ಪ್ಲಾಸ್ಟಿಕ್

ರಾದ್ಧಾಂತಕ್ಕೆಲ್ಲ ಕಾರಣ ಅಡಿಗೆಮನೆಯ ಬಾಗಿಲು. ಆಗಸ್ಟ್ ತಿಂಗಳ ಆ ಬೆಳಿಗ್ಗೆ ಅದು ಎಷ್ಟು ಎಳೆದರೂ ಚೌಕಟ್ಟಿಗೆ ಕೂರಲಿಲ್ಲ. ಲುವೆಲ್ಲಾ ಬಗ್ಗಿ ನೆಲ ನೋಡಿದಳು. ಮರದ ಹಲಗೆಗಳ ಅಂಚು ಕರಿದ ಹಪ್ಪಳದಂತೆ ಮೇಲೆದ್ದಿತ್ತು.

"ಕೆಳಗಿಂದ ತೇವ ಏರ್ತಾ ಇದೆ. ಏಪ್ರಿಲ್‌ನಲ್ಲಿ ಪ್ಲಾಸ್ಟಿಕ್ ಹಾಸಿದ್ಯಲ್ಲ, ಆದ್ರೂ ಯಾಕೆ ಹೀಗೆ?"

"ಈ ಸಲ ಸೆಕೆ ಜಾಸ್ತಿ," ಎಂದ ಗಂಡ ವಿಲ್ಬರ್ನ್, ಕಾಫಿ ಮಗ್ಗಿನಿಂದ ಮುಖ ಎತ್ತದೆ.

"ಇರ್ಲಿ. ಗೆದ್ದಲು ನೋಡೋ ಪರ್ವಿಸ್ ಇವತ್ತು ನಾಲ್ಕಕ್ಕೆ ಬರ್ತಾನೆ. ಹೇಗೂ ಮನೆ ಕೆಳಗೆ ನುಗ್ಗಬೇಕಲ್ಲ, ಪ್ಲಾಸ್ಟಿಕ್ಕೂ ನೋಡ್ಲಿ." ಲುವೆಲ್ಲಾ ಕಾರು ಹತ್ತಿ ತನ್ನ ಬ್ಯೂಟಿ ಪಾರ್ಲರಿಗೆ ಹೋದಳು.

ವಿಲ್ಬರ್ನ್ ಮಗ್ಗು ಕೆಳಗಿಟ್ಟ. ನಾರ್ತ್ ಕ್ಯಾರೊಲೈನಾದ ಆ ಕಡೆಯ ಮನೆಗಳೆಲ್ಲ ಮಂಡಿಯೆತ್ತರದ ಇಟ್ಟಿಗೆ ಗೋಡೆಯ ಮೇಲೆ ಕೂತಿರುತ್ತವೆ. ಕೆಳಗಿನ ಹಸಿ ಮಣ್ಣಿಗೆ ಪ್ಲಾಸ್ಟಿಕ್ ಹಾಸಿದರೆ ಮನೆ ಬದುಕುತ್ತದೆ. ವಿಲ್ಬರ್ನ್ ಹಾಸಿರಲಿಲ್ಲ. ಹಾಸುತ್ತೇನೆಂದ ಎರಡು ದಿನವೂ ಹೊಳೆಯ ದಂಡೆಯಲ್ಲಿ ಗಾಳ ಹಿಡಿದು ಕೂತಿದ್ದ. ಪ್ಲಾಸ್ಟಿಕ್ ಸುರುಳಿ ಪಕ್ಕದ ಮನೆಯ ವೆಸ್ಟರ್‌ನ ಶೆಡ್ಡಿನಲ್ಲಿ ಮಲಗಿತ್ತು. ಗಂಡನ ಶ್ರಮವನ್ನು ಹೊಗಳಿ ಲುವೆಲ್ಲಾ ಈ ಶನಿವಾರದಿಂದ ಆರು ದಿನ ಅಣ್ಣತಮ್ಮಂದಿರ ಜೊತೆ ಸಮುದ್ರಕ್ಕೆ ಮೀನು ಹಿಡಿಯಲು ಹೋಗಬಹುದೆಂದು ಒಪ್ಪಿಗೆ ಕೊಟ್ಟಿದ್ದಳು. ವರ್ಷವೆಲ್ಲ ಶಾಲೆ ಬಸ್ಸುಗಳ ಕೆಳಗೆ ಮಲಗಿ ನಟ್ಟು ಬೋಲ್ಟು ತಿರುಗಿಸುವವನಿಗೆ ಆ ಆರು ದಿನವೇ ಪ್ರಾಣ.

ಹುಷಾರಿಲ್ಲವೆಂದು ಗ್ಯಾರೇಜಿಗೆ ಫೋನ್ ಮಾಡಿ, ಸುರುಳಿ ಎಳೆದುಕೊಂಡು ಮನೆಯ ಕೆಳಗೆ ತೆವಳಿದ. ಜೇಡರ ಬಲೆ ಬಾಯಿಗೇ ಬಂತು. ಹತ್ತು ಗಂಟೆಗೆ ಕಾಲುಭಾಗವೂ ಆಗಿರಲಿಲ್ಲ. ಅಷ್ಟರಲ್ಲಿ ಹೊರಗಡೆ ವೆಸ್ಟರ್ ಹಾಜರಾದ. ನಿವೃತ್ತನಾದ ಮೇಲೆ ಅವನಿಗೆ ಇನ್ನೊಬ್ಬರ ಕೆಲಸವೇ ಉದ್ಯೋಗ.

"ಲೋ ವಿಲ್ಬರ್ನ್, ಮಣ್ಣಿಗೆ ಗಾಳಿ ಆಡ್ಬೇಕು ಕಣೋ. ನಮ್ಮಪ್ಪ ಬೇಸಿಗೆ ಬಂದ್ರೆ ಗಾಳಿಕಿಂಡಿ ಎಲ್ಲಾ ತೆಗೀತಿದ್ದ."

"ನಿಮ್ಮಪ್ಪನ ಕಾಲದಲ್ಲಿ ಎ.ಸಿ. ಇರ್ಲಿಲ್ಲ. ಮುಟ್ಬೇಡ ಮಾರಾಯಾ."

ಮುಟ್ಟಬೇಡ ಎಂದರೆ ವೆಸ್ಟರ್‌ಗೆ ಹುರುಪು ಜಾಸ್ತಿ. ಇಟ್ಟಿಗೆ ಗೋಡೆಯ ಹನ್ನೆರಡು ಕಿಂಡಿಗಳನ್ನೂ ತೆರೆದ. ಸಾಲದೆಂದು ಚರ್ಚಿನ ಊಟದ ಹಜಾರದಿಂದ ದೊಡ್ಡ ಫ್ಯಾನು ತಂದು ಒಂದು ಕಿಂಡಿಗೆ ಒತ್ತಿಟ್ಟ. ಹೊರಗಿನ ಜಿಗಿಜಿಗಿ ಬಿಸಿಗಾಳಿ ಒಳಗೆ ನುಗ್ಗಿ ನೆಲದಡಿ ಹಾಯ್ದ ಎ.ಸಿ.ಯ ತಣ್ಣನೆ ಕೊಳವೆಗಳಿಗೆ ತಾಗಿತು. ಅರ್ಧ ಗಂಟೆಯಲ್ಲಿ ಕೊಳವೆಗಳೆಲ್ಲ ಬೆವೆತು ತೊಟ್ಟಿಕ್ಕತೊಡಗಿದವು. ಮೇಲೆ ಸುಡುಬಿಸಿಲು, ಮನೆಯ ಕೆಳಗೆ ಮಳೆ. ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ನೀರು ನಿಂತಿತು. ವಿಲ್ಬರ್ನ್ ಜಾರಿ ಮರದ ತೊಲೆಗೆ ಹಣೆ ಚಚ್ಚಿಕೊಂಡ. ಕೂಗಿ ಕೂಗಿ ಕಿಂಡಿ ಮುಚ್ಚಿಸುವಷ್ಟರಲ್ಲಿ ಅವನ ಗಂಟಲೇ ಒಣಗಿಹೋಯಿತು.

ಲುವೆಲ್ಲಾಳ ಒಳ್ಳೆಯ ಟವೆಲುಗಳನ್ನೆಲ್ಲ ತಂದು ಒರೆಸುತ್ತಿದ್ದಾಗ ಯಾರೋ ಅವನ ಬೂಟು ತಟ್ಟಿದರು. ಎದುರು ಮನೆಯ ಮುದುಕಿ ಮಿಸ್ ಒಡೆಸ್ಸಾ.

"ಬರೀ ಕಾಲು ಕಾಣ್ತು ಮಗಾ, ಹೋಗ್ಬಿಟ್ಟೆ ಅಂದ್ಕೊಂಡೆ. ಚೀಸ್ ಸ್ಯಾಂಡ್‌ವಿಚ್ ತಂದಿದೀನಿ."

"ಬದುಕಿದೀನಿ ಮಿಸ್ ಒಡೆಸ್ಸಾ. ಲುವೆಲ್ಲಾಗೆ ಮಾತ್ರ ಹೇಳ್ಬೇಡಿ."

"ಫೋನ್ ಮಾಡಾಯ್ತಲ್ಲಪ್ಪ. ಏನ್ ಮಾಡ್ತಿದಾನೆ ಅಂದ್ಳು. ಮಂಡಿಯೂರಿದಾನೆ, ಪ್ರಾರ್ಥನೆ ಇರ್ಬೇಕು ಅಂದೆ."

"ಅವಳೇನಂದ್ಳು?"

"ಮಾಡ್ಲಿ, ಬೇಕಾಗುತ್ತೆ ಅಂದ್ಳು."

ವಿಲ್ಬರ್ನ್ ಟವೆಲುಗಳನ್ನು ಬದಿಗೆಸೆದ. ಸ್ಯಾಂಡ್‌ವಿಚ್ ಬಾಯಲ್ಲಿ ಕಚ್ಚಿಕೊಂಡೇ ತೆವಳಿದ. ಹಾಳೆಯ ಮೇಲೆ ಹಾಳೆ ಕೂಡಿಸಿ ಟೇಪು ಹಚ್ಚಿದ, ಗೋಡೆಯವರೆಗೂ ಏರಿಸಿ ಅಂಟಿಸಿದ. ಮೂರೂ ಐವತ್ತಕ್ಕೆ ಹೊರಬಂದು ತೋಟದ ಪೈಪಿನಲ್ಲಿ ಮೈ ತೊಳೆದು, ಹೊಸ ಅಂಗಿ ಹಾಕಿ ಜಗಲಿಯ ಕುರ್ಚಿಯಲ್ಲಿ ಕೂತ. ಲುವೆಲ್ಲಾಳ ಕಾರು, ಪರ್ವಿಸ್‌ನ ವ್ಯಾನು ಒಟ್ಟಿಗೇ ಬಂದವು. ವೆಸ್ಟರ್ ಮತ್ತು ಮಿಸ್ ಒಡೆಸ್ಸಾ ಬೇಲಿಗೆ ಒರಗಿ ನಿಂತರು.

ಪರ್ವಿಸ್ ಟಾರ್ಚು ಹಿಡಿದು ಒಳಹೊಕ್ಕ. ಇಪ್ಪತ್ತು ನಿಮಿಷ ವಿಲ್ಬರ್ನ್ ಬೆರಳಿನ ಉಗುರೆಲ್ಲ ಕಡಿದು ಮುಗಿಸಿದ.

"ಗೆದ್ದಲಿಲ್ಲ," ಎಂದ ಪರ್ವಿಸ್ ಹೊರಬಂದು. "ಪ್ಲಾಸ್ಟಿಕ್ಕಂತೂ ಎಷ್ಟು ನೀಟಾಗಿ ಹಾಸಿದೀರಿ ಸಾರ್. ಇಂಥದ್ದು ನಾನು ಈ ಬೀದೀಲಿ ನೋಡೇ ಇಲ್ಲ."

ವಿಲ್ಬರ್ನ್ ಗೆದ್ದೆನೆಂದು ಕಾಲು ಚಾಚಿದ.

ಪರ್ವಿಸ್ ಕಾಗದಕ್ಕೆ ಸಹಿ ಹಾಕುತ್ತ ಹೇಳಿದ: "ನಿಮ್ಮನೆ ಸರದಿ ಇರೋದು ಅಕ್ಟೋಬರ್‌ನಲ್ಲಿ. ಮೇಡಂ ಕರೆದ್ರು ಅಂತ ಬಂದೆ. ಬೆಳಿಗ್ಗೇನೇ ಬರ್ತೀನಿ ಅಂದ್ರೆ, ಬೇಡ, ನಮ್ಮನೆಯವರಿಗೆ ಎಂಟು ಗಂಟೆ ಟೈಮ್ ಬೇಕು ಅಂದ್ರು."

ವ್ಯಾನು ಹೋಯಿತು. ವಿಲ್ಬರ್ನ್ ಚಾಚಿದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡ.

"ಯಾವಾಗ ಗೊತ್ತಾಯ್ತು?"

"ಏಪ್ರಿಲ್‌ನಲ್ಲೇ. ಎರಡು ದಿನ ಮಣ್ಣಲ್ಲಿ ತೆವಳಿದವನ ಬಟ್ಟೆ ಮೀನು ನಾತ ಹೊಡೀತಿತ್ತು." ಲುವೆಲ್ಲಾಳ ದನಿಯಲ್ಲಿ ಕೋಪವೇ ಇರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ನಮ್ಮ ಮೂವರು ಅಕ್ಕಂದಿರ ಮನೆ ಕೆಳಗೂ ಇದೇ ಗೋಳು. ನಮ್ಮನೆಯವರು ಬರ್ತಾರೆ ಅಂತ ಹೇಳ್ಬಿಟ್ಟಿದೀನಿ. ಒಂದು ಮನೆಗೆ ಎರಡು ದಿನ ಅಂತ ನೀನೇ ಹೇಳಿದ್ದೆ. ಶನಿವಾರ ಹಿಡಿದ್ರೆ ಆರು ದಿನ."

ವಿಲ್ಬರ್ನ್ ಮುಳುಗುವವನಂತೆ ಕೈ ಎತ್ತಿದ. ಅರ್ಧ ಸಮುದ್ರವಾದರೂ ಉಳಿಯಲಿ ಎಂಬ ಆಸೆ.

"ಎರಡು ದಿನ ಯಾಕೆ? ಇವತ್ತು ನೋಡಿದ್ಯಲ್ಲ, ಒಂದೇ ದಿನದಲ್ಲಿ ಮುಗಿಸ್ತೀನಿ. ಮೂರು ಮನೆ, ಮೂರು ದಿನ."

"ಹೌದಾ?" ಎಂದಳು ಲುವೆಲ್ಲಾ, ಬೇಲಿಯ ಕಡೆ ತಿರುಗಿ. "ಕೇಳಿಸ್ತಾ, ಮಿಸ್ ಒಡೆಸ್ಸಾ? ಇವರಿಗೆ ಇನ್ನೂ ಮೂರು ದಿನ ಬಿಡುವು ಉಳಿದಿದೆಯಂತೆ."

"ಕೇಳಿಸ್ತು ಕಣಮ್ಮ," ಎಂದಳು ಮಿಸ್ ಒಡೆಸ್ಸಾ. "ಮೊದಲು ನಮ್ಮನೆ, ಆಮೇಲೆ ವೆಸ್ಟರ್‌ದು. ಕೊನೇ ದಿನ ಚರ್ಚಿಗೆ ಬರ್ಲಿ, ಅದರ ಕೆಳಗೆ ಸ್ವಲ್ಪ ನೀರೇ ನಿಂತಿದೆ."