ಕುರಿಗೆ ತಾಗದ ಕಲ್ಲು

ಪೀರಮ್ಮ: ಹುಡುಗಿ ತೋಳು ಹಿಡ್ಕೊಂಡು ಕುಂತಾಳ. ಇನ್ನೂ ಚೆಂಡು ಒಗಿ ಅಂತೀರಲ್ಲ, ಅದೇನ್ ತೋಳೋ, ಬಾವಿ ಹಗ್ಗೋ?

ನಾನು: ಹೊತ್ತು ಮುಳುಗೋತನಕ ಒಗೀಬೇಕು. ಒಗದೊಗದೇ ತೋಳು ಗಟ್ಟಿ ಆಗ್ತದ. ನಂದು ಹಂಗೇ ಆಗ್ಯದ.

ನಾಳೆ ಜಹೀರಾಬಾದಿನಲ್ಲಿ ಬೇಸ್‌ಬಾಲ್ ತಂಡದ ಆಯ್ಕೆ. ಹಾಸ್ಟೆಲ್ ಶಾಲೆಯಿಂದ ರಜೆಗೆ ನಮ್ಮೂರು ಮನೂರಿಗೆ ಬಂದಿರುವ ಮೊಮ್ಮಗಳು ಮೌನಿಕಾ ಚೆಂಡು ಒಗೆಯುವವಳು. ಬ್ಯಾಟ್ ಹಿಡಿದವಳ ಪಕ್ಕದಲ್ಲೇ, ಮೊಣಕಾಲಿಗಿಂತ ಮೇಲೆ, ಎದೆಗಿಂತ ಕೆಳಗೆ ಚೆಂಡು ಹಾಯಬೇಕಂತೆ. ಮೀಸೆ ಬಂದಾಗಿನಿಂದ ಕುರಿ ಕಾಯುತ್ತ ಕಲ್ಲು ಒಗೆದವನು ನಾನು. ಹಾಗಾಗಿ ಯಾರೂ ಕೇಳದಿದ್ದರೂ, ಹೆಂಡತಿ ಪೀರಮ್ಮ ಗೊಣಗಿದರೂ, ಅವಳ ಗುರುವಾದೆ. ಅಂಗಳದ ಕಂಬಕ್ಕೆ ಬುಟ್ಟಿ ಕಟ್ಟಿದೆ. ಮೊದಲು ಅವಳ ಚೆಂಡು ಎಲ್ಲೆಂದರಲ್ಲಿ ಹೋಗುತ್ತಿತ್ತು. ಈಗ ತಪ್ಪದೆ ಒಂದೇ ಕಡೆ ಹೋಗುತ್ತದೆ: ಬುಟ್ಟಿಯಿಂದ ಗೇಣು ಬಲಕ್ಕೆ.

ಮೌನಿಕಾ: ಮುತ್ಯಾ, ನೀ ಹೇಳ್ದಂಗೇ ಒಗದೀನಿ. ಒಂದೂ ಬುಟ್ಯಾಗ ಬೀಳವಲ್ದು. ನಾಳೆ ಹಿಂಗೇ ಆದ್ರ ನನ್ನ ಬಿಟ್ಟು ಸ್ವಾತಿನ್ನ ತಗೋತಾರ.

ನಾನು: ಆಕಡಿ ಸರಿ. ಕಣ್ಣು ಬಿಟ್ಟು ನೋಡು.

ತೋಳು ಬೀಸಿ ಒಗೆದೆ. ಚೆಂಡು ಬುಟ್ಟಿಯಿಂದ ಗೇಣು ಬಲಕ್ಕೆ ಹಾದು ಗೋಡೆಗೆ ಬಡಿಯಿತು. ಮತ್ತೆ ಒಗೆದೆ. ಗೋಡೆಯ ಅದೇ ಕಲ್ಲಿಗೆ ಬಡಿಯಿತು.

ಪೀರಮ್ಮ: ಗುರುವಿಗಿ ತಕ್ಕ ಶಿಷ್ಯಾ.

ನಾನು: ಗಾಳಿ ಅದ.

ಪೀರಮ್ಮ: ತಂತಿ ಮ್ಯಾಲಿನ ಸೀರಿ ಅಳ್ಳಾಡವಲ್ದು, ಗಾಳಿ ನಿಮ್ಮ ಚೆಂಡಿಗಷ್ಟೇ ಬೀಸ್ತದೇನು? ಇಷ್ಟು ವರ್ಷದಾಗ ಒಂದರ ಕುರಿಗಿ ಕಲ್ಲು ತಾಕ್ಸೀರೇನು?

ನಾನು (ಮೀಸೆ ತಿರುವಿ): ತಾಕಿದ್ರ ಕಾಲ್ ಮುರೀತದ. ಮಂದಿ ಹೊಲಕ್ಕ ನುಗ್ಗೋ ಕುರಿಗಿ ಗೇಣು ಬಿಟ್ಟು ಬಾಜೂಕ ಒಗೀಬೇಕು. ಸಪ್ಪಳಕ್ಕ ಹೊಳ್ಳಿ ಬರ್ತದ. ಅದೇ ನೋಡು ನಮ್ಮ…

ಮೀಸೆಯಿಂದ ಕೈ ತೆಗೆದೆ.

ಪೀರಮ್ಮ: ಅಂದ್ರ ತಪ್ಪಿಸೋದೇ ನಿಮ್ಮ ವಿದ್ಯಾ. ಅದನ್ನೇ ಕೂಸಿಗಿ ಕಲಿಸೀರಿ.

ನಾನು: ತೋಳಿನ ತಾಕತ್ತರ…

ಪೀರಮ್ಮ: ನಾಕ್ ಕಲ್ಲು ಒಗದು ಬೇವಿನ ಗಿಡದ ನೆಳ್ಳಿಗಿ ಮಲಗ್ತಿದ್ರಿ. ಬುತ್ತಿ ತಂದಾಕಿ ನಾನೇ ನೋಡೀನಿ. ನಿಮ್ಮ ತೋಳು ಉಳದದ್ದು ನಿದ್ದಿಲಿಂದ.

ಇಲ್ಲ ಎನ್ನಲು ಆಗ ನಾನು ಎಚ್ಚರವಿರಬೇಕಿತ್ತು.

ಮೌನಿಕಾ: ಹಂಗಾದ್ರ ನಾಳೆ ಏನ್ ಮಾಡ್ಲಿ ಆಯಿ?

ಪೀರಮ್ಮ: ಬುಟ್ಟಿ ಮರತುಬಿಡು. ಬ್ಯಾಟ್ ಹಿಡದಾಕಿನ್ನೇ ಕುರಿ ಅಂತ ತಿಳಿ. ಆಕಿಗಿ ಗೇಣು ಬಿಟ್ಟು ಒಗಿ. ಚೆಂಡು ಹಾಯಬೇಕಾದದ್ದು ಅಲ್ಲೇ ಅಲ್ಲ? ಈಗೊಂದೆರಡು ಒಗದು ನೋಡು, ಸಾಕು.

ನಾನು: ಟಗರು ಹಿಡಕೊಂಡು ಬರ್ಲ್ಯಾ?

ಪೀರಮ್ಮ: ಟಗರು ಯಾಕ? ನೀವಿದ್ದೀರಲ್ಲ.

ಬುಟ್ಟಿಯ ಎಡಕ್ಕೆ ಗೇಣು ಬಿಟ್ಟು, ಬ್ಯಾಟಿನಂತೆ ಕೋಲು ಹಿಡಿದು ನಿಂತೆ. ಚೆಂಡು ನನ್ನ ಹೊಟ್ಟೆಯ ಪಕ್ಕ ಸುಂಯ್ ಎಂದು ಹಾದು ನೇರ ಬುಟ್ಟಿಯಲ್ಲಿ ಬಿತ್ತು. ಮೌನಿಕಾ ಕುಣಿದಾಡಿದಳು. ಇನ್ನೊಂದೂ ಬುಟ್ಟಿಗೇ ಬಿತ್ತು. ಗಾಳಿ ಇಲ್ಲದಿದ್ದರೂ ಈ ಸಲ ನನ್ನ ಧೋತರ ಅಲ್ಲಾಡುತ್ತಿತ್ತು.

ನಾನು: ಆತು ಅವ್ವಾ. ನಾಳೆ ತಂಡದಾಗ ನೀನೇ. ಇನ್ನ ತೋಳಿಗಿ ಆರಾಮ್ ಕೊಡು.

ಪೀರಮ್ಮ ಸೆರಗು ಸಿಕ್ಕಿಸಿಕೊಂಡು ಮೊಮ್ಮಗಳ ಕೈಯಿಂದ ಚೆಂಡು ತೆಗೆದುಕೊಂಡಳು.

ಪೀರಮ್ಮ: ಕೂಸು ಆರಾಮ್ ಮಾಡ್ಲಿ. ನೀವು ಅಲ್ಲೇ ನಿಂದ್ರಿ, ಹೊತ್ತಿನ್ನೂ ಮುಳುಗಿಲ್ಲ. ನನಗೇನ್ ತಪ್ಪಿಸೋದು ಯಾರೂ ಕಲಿಸಿಲ್ಲರಿ.